ಎಡ ಹೆಗಲು, ಬಲ ಹೆಗಲು

ನಮ್ಮ ಶನಿವಾರದ ಕೂಟಕ್ಕೆ ಒಂದೇ ಒಂದು ನಿಯಮ, ಅದನ್ನು ಮಾಡಿದವಳು ನಾನೇ. ಪ್ರೋಗ್ರಾಂ ಬರೆದವರು ಅದನ್ನು ತೋರಿಸುವಾಗ ತುಟಿ ಬಿಚ್ಚಬಾರದು. ಬೇರೆ ಯಾರಾದರೂ ಕಂಪ್ಯೂಟರ್ ಮುಂದೆ ಕೂತು ಬಳಸಿ ನೋಡಬೇಕು, ಬರೆದವರು ಸುಮ್ಮನೆ ಪಕ್ಕದಲ್ಲಿರಬೇಕು. ವಿವರಣೆ ಬೇಡುವ ಪ್ರೋಗ್ರಾಂ ಇನ್ನೂ ಬೆಂದಿಲ್ಲ ಎಂಬುದು ನನ್ನ ವಾದ. ಗ್ರಂಥಾಲಯದ ಮಹಡಿಯಲ್ಲಿ ಸೇರುವ ಬಡಗಿ, ನರ್ಸ್, ಬಸ್ ಡ್ರೈವರ್ ಎಲ್ಲರೂ ಇದಕ್ಕೆ ನನ್ನನ್ನು ಬೈದುಕೊಂಡೇ ಒಪ್ಪಿಕೊಂಡಿದ್ದಾರೆ. ಬೈಯಲಿ. ಮೂವತ್ತು ವರ್ಷ ಕಂಪ್ಯೂಟರ್ ಪಾಠ ಹೇಳಿದವಳಿಗೆ ಬೈಗುಳವೇನು ಹೊಸದೇ?

ನನ್ನ ಅಕ್ಕ ಟೈಲರ್. ಎರಡು ವರ್ಷ ಕೂಟದ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು, ಬೇರೆಯವರಿಗೆ ಚಪ್ಪಾಳೆ ತಟ್ಟಿ ಹೋಗುತ್ತಿದ್ದಳು. ಆಮೇಲೆ ಏನನ್ನಿಸಿತೋ, ನನ್ನ ಹತ್ತಿರ ಒಂದೊಂದೇ ಸಾಲು ಕಲಿತು, ತಾನೇ ಒಂದು ಪ್ರೋಗ್ರಾಂ ಬರೆದಳು. ಮೈಯ ಅಳತೆ ಕೊಟ್ಟರೆ ಅಂಗಿ ಕತ್ತರಿಸುವ ನಕ್ಷೆಯನ್ನು ಅದು ಕಾಗದದ ಮೇಲೆ ಮುದ್ರಿಸುತ್ತದೆ.

"ಯಾರಾದ್ರೂ ನಕ್ರೆ ನಾನಿನ್ನು ಆ ಮೆಟ್ಲು ಹತ್ತೋಳಲ್ಲ, ನೋಡು" ಎಂದು ಮೊದಲೇ ಹೇಳಿದ್ದಳು. ಅವಳು ಹೇಳಿದರೆ ಹೇಳಿದ್ದೇ.

ಅದನ್ನು ತೋರಿಸಬೇಕಿದ್ದ ಶನಿವಾರ ಬೆಳಿಗ್ಗೆ ಅವಳು ಅಂಗಡಿಗೆ ಹೋಗಿದ್ದಾಗ ನಾನು ಪ್ರೋಗ್ರಾಂ ಮೇಲೊಮ್ಮೆ ಕಣ್ಣಾಡಿಸಿದೆ. ಹೆಗಲಿನ ಅಳತೆಯನ್ನು ಎರಡು ಸಲ ಕೇಳುತ್ತಿತ್ತು, ಎಡದ್ದೊಮ್ಮೆ, ಬಲದ್ದೊಮ್ಮೆ. ಹೊಸಬರು ಮಾಡುವ ತಪ್ಪು! ನೋಡಿದವರು ನಗುತ್ತಾರಲ್ಲ! ಒಂದನ್ನು ಅಳಿಸಿ, ಉಳಿದದ್ದನ್ನೇ ಎರಡೂ ಕಡೆಗೆ ಹಚ್ಚಿದೆ. ಹೇಳಿದರೆ ನೊಂದುಕೊಂಡಾಳೆಂದು ಅವಳಿಗೆ ಹೇಳಲೂ ಇಲ್ಲ. ನನ್ನ ಬುದ್ಧಿಗಿಷ್ಟು.

ಸಂಜೆ ಕಂಪ್ಯೂಟರ್ ಮುಂದೆ ಕೂತವಳು ನಮ್ಮ ಬೀದಿಗೆ ಅಂಚೆ ಹಂಚುವಾಕೆ. ಅಕ್ಕ ಅವಳ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಕತ್ತು, ಎದೆ, ತೋಳು ಸಲೀಸಾಗಿ ಮುಗಿದವು.

"ಚೀಟೀಲಿ ಎರಡು ಹೆಗಲಿದೆ, ಇಲ್ಲಿ ಒಂದೇ ಕೇಳ್ತಿದೆ. ಯಾವುದನ್ನ ಹಾಕ್ಲಿ?"

ಬಸ್ ಡ್ರೈವರ್ ಕಿಸಕ್ಕೆಂದ. ಅಕ್ಕ ಬಗ್ಗಿ ಪರದೆ ನೋಡಿದಳು. ನನ್ನ ಕಡೆ ತಿರುಗಲಿಲ್ಲ, ತಪ್ಪು ತನ್ನದೇ ಎಂದುಕೊಂಡಿದ್ದಳು. ಮುಖ ಸಪ್ಪಗಾಯಿತು. ಬಾಯಿ ಬಿಡದೆ ಕುರ್ಚಿಯ ಮೇಲಿದ್ದ ಚೀಲ ಎತ್ತಿಕೊಂಡಳು.

ಆಗ ಅಂಚೆಯಾಕೆಯ ಬೆನ್ನು ನೋಡಿದೆ. ಇಷ್ಟು ವರ್ಷ ಚೀಲ ಹೊತ್ತ ಎಡ ಹೆಗಲು ಎರಡು ಬೆರಳಷ್ಟು ಇಳಿದಿತ್ತು. ಬಡಗಿಯ ಬಲ ಹೆಗಲೂ ಅಷ್ಟೇ. ನನ್ನನ್ನು ಬಿಟ್ಟರೆ ಆ ಕೋಣೆಯಲ್ಲಿ ಸಮ ಹೆಗಲಿನವರು ಒಬ್ಬರೂ ಇರಲಿಲ್ಲ.

"ತಪ್ಪು ಅವಳದಲ್ಲ" ಎಂದೆ. "ಅವಳು ಸರಿಯಾಗೇ ಬರೆದಿದ್ಲು. ನಾನೇ ಬೆಳಿಗ್ಗೆ ಕದ್ದು ಅಳಿಸ್ದೆ."

ಮಂಗಳಾರತಿಗೆ ನಾನು ಸಿದ್ಧವಾಗಿ ನಿಂತೆ.

"ತಪ್ಪು ಅನ್ನಿಸಿದ್ರೆ ನನ್ನನ್ನೊಂದು ಮಾತು ಕೇಳೋದಲ್ವೇನೇ?" ಎಂದಳು ಅಕ್ಕ. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಅಳು ಬಂದುಬಿಟ್ಟಿತು.

ಚೀಲ ಕೆಳಗಿಟ್ಟು, ತಾನೇ ಕೂತು, ಅಳಿಸಿದ್ದನ್ನೆಲ್ಲ ಮತ್ತೆ ಬರೆದಳು. ನಕ್ಷೆ ಹೊರಬಂತು. ಅಂಚೆಯಾಕೆ ಅದನ್ನು ಮೈಗೆ ಹಿಡಿದು ನೋಡಿ, "ನನ್ನ ಅಂಗಿ ಯಾವಾಗ್ಲೂ ಒಂದ್ಕಡೆ ಜಾರೋದು ಇದಕ್ಕಾ!" ಎಂದು ನಕ್ಕಳು. ನಕ್ಕ ಬಸ್ ಡ್ರೈವರೇ ಮೊದಲು ಅಳತೆಗೆ ನಿಂತ, ಅವನ ಹಿಂದೆ ಸಾಲೇ ಆಯಿತು.

ಕೊನೆಗೆ ನಾನೂ ನಿಂತೆ. "ನಂದು ಸಮ ಇದೆ, ಒಂದೇ ಅಳತೆ ಸಾಕು" ಎಂದೆ. ಚಿಕ್ಕಂದಿನಿಂದ ಅಕ್ಕನೇ ಹೊಲಿದ ಬಟ್ಟೆ ಹಾಕಿದವಳು ನಾನು, ಒಂದೂ ಯಾವತ್ತೂ ಜಾರಿದ್ದಿಲ್ಲ.

ಅಕ್ಕ ಟೇಪು ಹಿಡಿಯಲೂ ಇಲ್ಲ. "ನಿನ್ನ ಬಲಗಡೆ ಅರ್ಧ ಇಂಚು ಕಮ್ಮಿ ಕಣೇ" ಎಂದಳು. "ಚಿಕ್ಕೋಳಿದ್ದಾಗಿಂದ್ಲೂ."