ಪಿಯಾನೋದೊಳಗೆ ಬಿದ್ದ ಶಾಶು

ಅಕ್ಬೋತ ನಮ್ಮ ಮನೆಗೆ ಬಂದು, "ಕುಲ್ಪಾಶಕ್ಕಾ, ನನ್ನ ಮೊದಲ ಆಲ್ಬಮ್‌ಗೆ ನೀವು ಕೋಬಿಜ್ ನುಡಿಸ್ಲೇಬೇಕು" ಎಂದಾಗ, ಜೊತೆಗೆ ಯಾರ್ಯಾರಿದ್ದಾರೆ ಎಂದು ಕೇಳಿದೆ. ಸ್ಯಾಕ್ಸೊಫೋನ್ ಇದೆ ಎಂದಳು. ಡ್ರಮ್ಸ್ ಇದೆ, ಪಿಟೀಲಿನವರ ದಂಡೇ ಇದೆ, ಬಾಕುವಿನಿಂದ ತಾರ್ ನುಡಿಸುವವನೊಬ್ಬ ಬರುತ್ತಾನೆ ಎಂದಳು. ನನಗೆ ರೇಗಿಹೋಯಿತು. ಕುದುರೆ ಬಾಲದ ಕೂದಲನ್ನು ತಂತಿಯಾಗಿ ಬಿಗಿದ ವಾದ್ಯ ನನ್ನದು. ನರಳುವುದು ಅದರ ಸ್ವಭಾವ. ಡ್ರಮ್ಸ್ ಗಲಾಟೆಯಲ್ಲಿ ಅದರ ನರಳಾಟ ಯಾರಿಗೆ ಕೇಳುತ್ತದೆ?

"ಇದೇನು ಸಂಗೀತಾನೋ ಸಂತೇನೋ?" ಎಂದೆ.

"ಸಂತೇನೇ ಅಕ್ಕಾ. ಬನ್ನಿ, ಚೆನ್ನಾಗಿರುತ್ತೆ" ಎಂದು ಬಾಯ್ತುಂಬ ನಕ್ಕಳು. ಹಾಗೆ ನಗುವವರಿಗೆ ಇಲ್ಲ ಎನ್ನುವುದು ನನ್ನಿಂದ ಆಗದ ಕೆಲಸ.

ಅಲ್ಮಾಟಿಯಲ್ಲಿ ಹಿಂದೆ ಸಿನಿಮಾ ತೆಗೆಯುತ್ತಿದ್ದ ಹಳೆಯ ಹಾಲ್ ಒಂದರಲ್ಲಿ ಆ ಚಳಿಗಾಲವೆಲ್ಲ ಕೆಲಸ ನಡೆಯಿತು. ಮೊದಮೊದಲು ಬರೀ ಜಗಳ. ಸ್ಯಾಕ್ಸೊಫೋನಿನ ಸಾಕೆನ್, "ಅಕ್ಕಾ, ನಿಮ್ಮ ಕೋಬಿಜ್‌ಗೆ ನೆಗಡಿಯಾಗಿದೆ, ಔಷಧಿ ಕುಡಿಸಿ" ಎನ್ನುವನು. "ನಿನ್ನದಕ್ಕೆ ಅಜೀರ್ಣ ಆಗಿದೆಯಲ್ಲೋ, ಮೊದಲು ಅದನ್ನ ನೋಡ್ಕೋ" ಎನ್ನುವೆ ನಾನು. ಅಕ್ಬೋತ ಇಬ್ಬರ ಮಾತಿಗೂ ನಕ್ಕು ಹೊಸ ಸ್ವರಗಳನ್ನು ಬರೆದು ತರುವಳು. ಬರಬರುತ್ತಾ ಏನಾಯಿತೋ, ಸಾಕೆನ್ ನುಡಿಸಲು ಶುರುಮಾಡಿದರೆ ನನ್ನ ಕಮಾನು ತಾನಾಗಿ ಅವನ ಹಿಂದೆ ಹೋಗತೊಡಗಿತು. ಇದನ್ನು ನಾನು ಅವನಿಗೆ ಹೇಳಲಿಲ್ಲ, ಹೇಳುವುದೂ ಇಲ್ಲ. ತಲೆ ಮೇಲೆ ಕೂತುಬಿಡುತ್ತಾನೆ.

ಒಂದು ದಿನ ಚಹಾ ಕುಡಿಯುವಾಗ ಅಕ್ಬೋತ ಸಪ್ಪಗಿದ್ದಳು. ಅವಳನ್ನು ಸಾಕಿದವಳು ಅಜ್ಜಿ ಬೀಕೆನ್. ಅಜ್ಜಿಗೆ ಫೋನಿನಲ್ಲಿ ಒಂದು ತುಣುಕು ಕೇಳಿಸಿದಳಂತೆ. "ಮಾಂಸದ ಸಾರಿಗೆ ಜಾಮ್ ಸುರಿದ ಹಾಗಿದೆ" ಎಂದುಬಿಟ್ಟಳಂತೆ ಅಜ್ಜಿ. ಆಮೇಲೆ ಆ ವಿಷಯವನ್ನೇ ಎತ್ತಿಲ್ಲ.

"ಕೊನೇ ತುಣುಕನ್ನ ಅಜ್ಜಿಗೋಸ್ಕರಾನೇ ಕಟ್ಟಿದೀನಿ. ಅದನ್ನೂ ಅವಳು ಒಪ್ಪದಿದ್ರೆ ಆಲ್ಬಮ್ ಹೊರಗೆ ತರಲ್ಲ."

"ತಲೆ ಕೆಟ್ಟಿದೆಯೇನೇ? ಇಷ್ಟು ಜನ ದುಡಿದಿದೀವಿ!"

"ನನ್ನ ಬೆಳೆಸಿದೋಳಿಗೇ ಬೇಡವಾದದ್ದನ್ನ ನನ್ನದು ಅಂತ ಹೇಗಕ್ಕಾ ಹೇಳ್ಲಿ?"

ಅವಳ ದನಿಯಲ್ಲಿ ಹಠ ಇರಲಿಲ್ಲ, ದುಃಖವಿತ್ತು. ರೆಕಾರ್ಡಿಂಗಿನ ಕೊನೆಯ ದಿನ ಬೆಳಿಗ್ಗೆ ನಾನೇ ಕಸ್ಕೆಲೆನ್‌ಗೆ ಹೋಗಿ ಅಜ್ಜಿಯ ಮನೆಯ ಬಾಗಿಲು ಬಡಿದೆ.

"ಬರಲ್ಲ. ನನಗೆ ಅದು ತಿಳಿಯಲ್ಲ" ಎಂದಳು ಬೀಕೆನ್ ಅಜ್ಜಿ.

"ನನಗೂ ತಿಳಿಯಲ್ಲ. ನಾನು ನುಡಿಸ್ತಾ ಇಲ್ವಾ? ಏಳಿ, ಎದ್ದು ಮಖಮಲ್ಲಿನ ಅಂಗಿ ಹಾಕ್ಕೊಳ್ಳಿ."

ಗೊಣಗುತ್ತಲೇ ಹೊರಟಳು. ಕೈಯಲ್ಲಿ ಉಬ್ಬಿದ ಚೀಲವೊಂದಿತ್ತು. ನಮ್ಮ ಕಡೆಯ ಮುದುಕಿಯರ ಚೀಲ ಯಾವಾಗಲೂ ಉಬ್ಬಿರುವುದರಿಂದ ಒಳಗೇನಿದೆ ಎಂದು ಯಾರೂ ಕೇಳಲಿಲ್ಲ.

ಧ್ವನಿಮುದ್ರಣದ ಹೊಣೆ ಹೊತ್ತಿದ್ದ ಅರ್ಕಾದಿ ಅವಳಿಗೆ ಮೂಲೆಯಲ್ಲಿ ಕುರ್ಚಿ ಹಾಕಿದ. "ಅಜ್ಜಿ, ಕೆಂಪು ದೀಪ ಹತ್ತಿದ ಮೇಲೆ ಉಸಿರೂ ಕೇಳಿಸಬಾರದು."

"ನನ್ನ ಉಸಿರು ನಿನಗೇನಪ್ಪ ಮಾಡ್ತು?" ಎಂದಳು ಅಜ್ಜಿ. ಪಿಟೀಲಿನವರೆಲ್ಲ ಕಿಸಕ್ಕೆಂದರು. ಅವರು ಅಂದೇ ಸಂಜೆ ರೈಲು ಹತ್ತಿ ದೂರದ ಊರುಗಳ ಕಛೇರಿಗಳಿಗೆ ಹೊರಡುವವರು. ನುಡಿಸುವುದಿದ್ದರೆ ಈಗಲೇ ನುಡಿಸಬೇಕು.

ನಡೆಯಲು ಕಲಿತ ಕೂಸಿನ ಕಾಲಿಗೆ ಕಪ್ಪುಬಿಳಿ ಹಗ್ಗ ಕಟ್ಟಿ, ಅದನ್ನು ಕತ್ತರಿಸಿ, ಓಡಲು ಬಿಡುತ್ತೇವಲ್ಲ, ಆ ಶಾಸ್ತ್ರದ ಮೇಲೆ ಕಟ್ಟಿದ ತುಣುಕು ಅದು. ಪಿಯಾನೋದಲ್ಲಿ ಅಕ್ಬೋತಳೇ ಕೂಸು. ಒಂದು ಕಾಲೆಳೆಯುತ್ತ, ಎಡವುತ್ತ ನಡೆಯುತ್ತಾಳೆ. ನನ್ನ ಕೋಬಿಜ್ಜೇ ಹಗ್ಗ. ಬಿಗಿಯುತ್ತೇನೆ, ಬಿಗಿಯುತ್ತೇನೆ, ತಟ್ಟನೆ ನಿಲ್ಲಿಸುತ್ತೇನೆ. ಹಗ್ಗ ಹರಿಯಿತು. ಆಗ ಸ್ಯಾಕ್ಸೊಫೋನ್, ಪಿಟೀಲು, ತಾರ್, ಡ್ರಮ್ಸ್ ಎಲ್ಲವೂ ಒಟ್ಟಿಗೆ ಓಟ ಕಿತ್ತವು. ಅಯ್ಯೋ, ಎಂಥ ಓಟ! ಅಷ್ಟು ದಿನವೂ ನಾವು ಹಾಗೆ ನುಡಿಸಿರಲಿಲ್ಲ. ನನ್ನ ಮೈಯೆಲ್ಲ ಜುಮ್ಮೆಂದಿತು.

ಅಷ್ಟರಲ್ಲಿ "ಶಾಶು! ಶಾಶು!" ಎಂಬ ಕೂಗು ಕೇಳಿತು.

ಬೀಕೆನ್ ಅಜ್ಜಿ ಎದ್ದು ನಿಂತು ಚೀಲದಿಂದ ಬೊಗಸೆ ಬೊಗಸೆಯಾಗಿ ತೆಗೆದು ನಮ್ಮ ಮೇಲೆ ಎರಚುತ್ತಿದ್ದಳು! ಶುಭ ಗಳಿಗೆಯಲ್ಲಿ ಹಿರಿಯರು ಹರಸಿ ಎರಚುವ ತಿನಿಸೇ ನಮ್ಮಲ್ಲಿ ಶಾಶು. ಮಿಠಾಯಿಗಳು ಪಿಟೀಲಿನವರ ತಲೆ ಮೇಲೆ ಬಿದ್ದವು, ಡ್ರಮ್ಸಿನ ಹಿತ್ತಾಳೆ ತಾಳಗಳಿಗೆ ಟಣ್ಣೆಂದು ಬಡಿದವು. ಒಣಗಿಸಿದ ಮೊಸರಿನ ಉಂಡೆಗಳು, ನಮ್ಮ ಕುರ್ತ್, ಕಲ್ಲಿನಷ್ಟು ಗಟ್ಟಿ. ಅವು ತೆರೆದಿದ್ದ ಪಿಯಾನೋದೊಳಗೆ ಬಿದ್ದು ತಂತಿಗಳ ಮೇಲೆ ಕುಣಿದವು. ಬಾಕುವಿನವನು ಚಾವಣಿ ಕುಸಿಯಿತೆಂದು ತಾರನ್ನು ಎದೆಗವಚಿಕೊಂಡ. ನಮ್ಮವರು ಮಾತ್ರ ನಿಲ್ಲಿಸಲಿಲ್ಲ. ಶಾಶು ಬೀಳುವಾಗ ಓಡುವ ಕೂಸನ್ನು ತಡೆಯುವವರುಂಟೆ? ಕೊನೆಯವರೆಗೂ ನುಡಿಸಿದೆವು.

ಅರ್ಕಾದಿ ತಲೆ ಚಚ್ಚಿಕೊಳ್ಳುತ್ತ ಓಡಿ ಬಂದ. "ಹೋಯ್ತು! ಎಲ್ಲಾ ಹೋಯ್ತು!"

ಅಜ್ಜಿಯ ಮುಖ ಬಿಳಿಚಿಕೊಂಡಿತು. "ನಾನು ಹಾಳು ಮಾಡಿದ್ನಾ?" ಎಂದು ಕೇಳಿ, ಯಾರೂ ಉತ್ತರಿಸುವ ಮೊದಲೇ ಹೊರಗೆ ನಡೆದುಬಿಟ್ಟಳು.

ಅಕ್ಬೋತ ಹಿಂದೆಯೇ ಎದ್ದಳು, ಆದರೆ ಪಿಟೀಲಿನವರು ಗಡಿಯಾರ ತೋರಿಸಿದರು. ಗಡಿಬಿಡಿಯಲ್ಲಿ ಪಿಯಾನೋದಿಂದ ಕುರ್ತ್ ಹೆಕ್ಕಿ ಇನ್ನೊಮ್ಮೆ ನುಡಿಸಿದೆವು. ಒಂದು ಸ್ವರವೂ ತಪ್ಪಲಿಲ್ಲ. ಆದರೆ ಹಗ್ಗ ಹರಿಯುವ ಜಾಗ ಬಂದಾಗ ನಮ್ಮೆಲ್ಲರ ಕಣ್ಣೂ ಆ ಖಾಲಿ ಕುರ್ಚಿಯ ಮೇಲೆ ಹೋಯಿತು. ಆ ಓಟ ಬರಲೇ ಇಲ್ಲ.

"ಇದೇ ಇರ್ಲಿ. ಮೊದಲನೇದ್ರಲ್ಲಿ ಕಲ್ಲು ಬೀಳ್ತಾ ಇದೆ" ಎಂದ ಅರ್ಕಾದಿ. ಅಕ್ಬೋತ ಹೊರಗೆ ಹೋದಳು. ನಾನೂ ಹಿಂದೆ ಹೋದೆ.

ಅಜ್ಜಿ ಬೆಂಚಿನ ಮೇಲೆ ಖಾಲಿ ಚೀಲ ಮಡಚುತ್ತ ಕೂತಿದ್ದಳು. "ಬೈ, ಬೈಸ್ಕೊಳ್ತೀನಿ" ಎಂದಳು.

ಅಕ್ಬೋತ ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತಳು. "ಬೈಯಲ್ಲ. ಒಂದು ಹೇಳು. ಮುಗಿಯೋ ತನಕ ಯಾಕೆ ಕಾಯ್ಲಿಲ್ಲ?"

"ಯಾಕೆ ಕಾಯ್ಬೇಕು? ಹಗ್ಗ ಹರೀತು, ನೀನು ಓಡಿದೆ. ಓಡೋವಾಗ ತಾನೇ ಎರಚೋದು? ದಣಿದು ಕೂತ ಮೇಲೆ ಯಾರಾದ್ರೂ ಎರಚ್ತಾರಾ?"

"ಅದು ನಾನೇ ಅಂತ ನಿನಗೆ ಹೇಗೆ ಗೊತ್ತಾಯ್ತು ಅಜ್ಜಿ?"

"ಕೇಳ್ತಾಳೆ ನೋಡು! ಎಡಗಾಲು ಎಳೀತಾ ನಡೀತಿದ್ದೋಳು ನೀನು. ನಿನ್ನ ಹಗ್ಗ ಕತ್ತರಿಸಿದ ದಿನ ನಿಮ್ಮಮ್ಮ ಇರ್ಲಿಲ್ಲ, ಎರಚೋಕೆ ನಾನೊಬ್ಬಳೇ. ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗುತ್ತೆ? ಜಾಮು ಗೀಮು ಏನೇ ಇರಲಿ, ಅದು ನಮ್ಮನೆ ಕೂಸು ಕಣೇ."

ಅಕ್ಬೋತ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತಳೋ ನಕ್ಕಳೋ, ಎರಡೂ ಮಾಡಿದಳು. ನನಗೂ ಕಣ್ಣು ತುಂಬಿ ಬಂತು; ತೆರೆದ ಬಾಗಿಲಲ್ಲಿ ಬಂದು ನಿಂತಿದ್ದ ಸಾಕೆನ್ ನೋಡಿಬಿಟ್ಟಾನೆಂದು ಗೋಡೆ ಕಡೆ ತಿರುಗಿಕೊಂಡೆ.

"ಅರ್ಕಾದಿ!" ಎಂದು ಅಕ್ಬೋತ ಅಲ್ಲಿಂದಲೇ ಕೂಗಿದಳು. "ಮೊದಲನೇದೇ! ಆಲ್ಬಮ್ ಹೊರಗೆ ಬರುತ್ತೆ!"

"ಕಲ್ಲುಗಳ ಸಮೇತಾನಾ?"

"ಒಂದನ್ನೂ ತೆಗೀಬೇಡ!"