ನಿಂತುಹೋದ ಕೈ

ಬಸ್ ಡ್ರೈವರನ ಹೆಂಡತಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಅವಳ ಅಕ್ಕನಿಗೂ ಅಷ್ಟೇ. ಯಾರೂ ಕಲಿಸದ ಕೈಮಾತೊಂದನ್ನು ಅಕ್ಕತಂಗಿಯರು ಚಿಕ್ಕಂದಿನಲ್ಲೇ ತಾವೇ ಕಟ್ಟಿಕೊಂಡಿದ್ದರು. ಗದ್ದ ತುರಿಸಿಕೊಂಡರೆ ಅಪ್ಪ. ಮೂಗು ಹಿಂಡಿದರೆ ಪಕ್ಕದ ಮನೆಯ ಜಂಬಗಾತಿ. ತಂಗಿಗೆ ಮದುವೆಯಾದ ಮೇಲೆ ಇನ್ನೊಂದು ಪದ ಸೇರಿತು: ಸ್ಟಿಯರಿಂಗ್ ಹಿಡಿದು ತೂಕಡಿಸಿದರೆ ಅವಳ ಗಂಡ.

ಗಂಡನನ್ನು ಕಳೆದುಕೊಂಡಿದ್ದ ಅಕ್ಕ ದೂರದ ಊರಿನಲ್ಲಿ ಬಟ್ಟೆ ಇಸ್ತ್ರಿ ಮಾಡಿ ಬದುಕುತ್ತಿದ್ದಳು. ತಂಗಿ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದಳು. ಹಳೆಯ ಫೋನಿನಲ್ಲಿ ವಿಡಿಯೋ ಕಾಲ್ ಎಂದರೆ ಬರೀ ಗೋಳು. ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತಿತ್ತು, ಬೆರಳುಗಳೆಲ್ಲ ಕಲಸಿಹೋಗುತ್ತಿದ್ದವು. ಒಮ್ಮೆ ಅಕ್ಕ ಬೆಕ್ಕು ಮರಿ ಹಾಕಿದ ಸುದ್ದಿ ಹೇಳುತ್ತಿದ್ದಾಗ ಚಿತ್ರ ನಿಂತು, ಹೊಟ್ಟೆ ಮುಂದೆ ಬಂದಂತೆ ಕೈ ಮಾಡಿದ್ದಷ್ಟೇ ಕಂಡು, ಅಕ್ಕನೇ ಬಸುರಿಯೆಂದು ತಂಗಿ ಹೌಹಾರಿಬಿಟ್ಟಿದ್ದಳು.

ವೇಗದ ನೆಟ್‌ವರ್ಕ್ ಬಂದಾಗ ಡ್ರೈವರ್ ಇಬ್ಬರಿಗೂ ಹೊಸ ಫೋನ್ ತಂದುಕೊಟ್ಟ. ಅಂದಿನಿಂದ ಬೆಳಗ್ಗೆ ಕೆಲಸಕ್ಕೆ ಕೂತರೆ ಕಾಲ್ ಶುರು. ಫೋನನ್ನು ನೂಲಿನ ಡಬ್ಬಿಗೆ ಒರಗಿಸಿ ತಂಗಿ ಹೊಲಿಯುವಳು; ಆ ಕಡೆ ಅಕ್ಕ ಶರಟಿನ ಕಾಲರಿಗೆ ನೀರು ಚಿಮುಕಿಸುವಳು. ಹರಟೆ, ಜಗಳ, ಮುನಿಸು, ಮತ್ತೆ ಹರಟೆ. “ನನ್ನ ಮನೇಲಿ ನಾನೇ ನೆಂಟ ಆಗಿಬಿಟ್ಟೆ” ಎಂದು ಡ್ರೈವರ್ ಗೆಳೆಯರ ಮುಂದೆ ಗೊಣಗುತ್ತಿದ್ದ. ಒಳಗೊಳಗೇ ಅವನಿಗೆ ಖುಷಿಯೇ. ಹೆಂಡತಿ ಇಷ್ಟೊಂದು ನಗುತ್ತಾಳೆಂದು ಅವನಿಗೂ ಗೊತ್ತಿರಲಿಲ್ಲ.

ಒಂದು ರಜಾದಿನ ಫೋನ್ ಕಂಪನಿಯ ಸಮೀಕ್ಷೆಯ ಹುಡುಗಿ ಬಾಗಿಲು ತಟ್ಟಿದಳು.

“ಹೊಸ ನೆಟ್‌ವರ್ಕ್ ಬಂದ ಮೇಲೆ ಏನು ಜಾಸ್ತಿ ನೋಡ್ತೀರಿ ಸಾರ್? ಸಿನಿಮಾನಾ, ಗೇಮಾ, ಹಾಡಾ?”

“ನಾನು ಬರೀ ಸುದ್ದಿ ನೋಡ್ತೀನಮ್ಮ. ಡೇಟಾ ಎಲ್ಲಾ ಖಾಲಿ ಮಾಡೋದು ನಮ್ಮ ಮನೆಯವಳು.”

“ಅವ್ರು ಏನು ನೋಡ್ತಾರೆ?”

“ಅವಳ ಅಕ್ಕನ್ನ.”

ಹುಡುಗಿ ನಕ್ಕಳು. ತನ್ನ ಪಟ್ಟಿಯನ್ನು ಮೇಲಿನಿಂದ ಕೆಳಗೆ ಹುಡುಕಿ, “ಇತರೆ ಅಂತ ಹಾಕ್ಕೋತೀನಿ” ಎಂದಳು.

ಅದಾಗಿ ಕೆಲವು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಅಕ್ಕ ಯಾರದೋ ಜಂಬದ ಕಥೆ ಹೇಳುತ್ತಿದ್ದಳು. ಮಾತಿನ ನಡುವೆ ಅವಳ ಕೈ ನಿಂತುಹೋಯಿತು. ಬಾಯಿ ಒಂದು ಬದಿಗೆ ಸೊಟ್ಟಗಿತ್ತು. ಅಣಕಿಸುತ್ತಿರುವಾಗಲೇ ಚಿತ್ರ ಸಿಕ್ಕಿಕೊಂಡಿತೆಂದು ತಂಗಿ ಅಂದುಕೊಂಡಳು. ಹಳೆಯ ಅಭ್ಯಾಸ. ಕಾದಳು. ಅಂಚು ಮಡಿಸಿ ಒಂದು ಹೊಲಿಗೆ ಹಾಕಿ ಮುಗಿಸಿ ಮತ್ತೆ ತಲೆಯೆತ್ತಿದಾಗ ಅಕ್ಕ ಗೋಡೆಗೆ ಒರಗಿ ಕುಸಿದಿದ್ದಳು. ಇಸ್ತ್ರಿಪೆಟ್ಟಿಗೆಯ ಕೆಳಗಿನಿಂದ ಹೊಗೆ ಏಳುತ್ತಿತ್ತು. ಹೊಗೆ ಸುರುಳಿ ಸುರುಳಿಯಾಗಿ ಅಲುಗಾಡುತ್ತಿತ್ತು. ಚಿತ್ರ ನಿಂತಿರಲಿಲ್ಲ.

ಅವಳು ಫೋನ್ ಹಿಡಿದುಕೊಂಡು ಎದುರಿನ ಕಿರಾಣಿ ಅಂಗಡಿಗೆ ಓಡಿದಳು. ಅಂಗಡಿಯವನು ಚಿತ್ರ ನೋಡಿ ಗಾಬರಿಬಿದ್ದು, “ಯಾರಾದ್ರೂ ಇದ್ದೀರೇನ್ರೀ? ಬೇಗ ಬನ್ನಿ!” ಎಂದು ಫೋನಿನೊಳಕ್ಕೆ ಕೂಗಿದ. ಮತ್ತೆ ಮತ್ತೆ ಕೂಗಿದ. ಆದರೆ ಅಕ್ಕನ ಫೋನಿನಲ್ಲಿ ಸದ್ದು ಎಂದೋ ಪೂರ್ತಿ ಇಳಿಸಿಟ್ಟದ್ದು. ಏರಿಸುವ ಅಗತ್ಯ ಅವಳಿಗೆ ಯಾವತ್ತೂ ಬಂದಿರಲಿಲ್ಲ. ಅವನು ತನ್ನ ಫೋನಿನಿಂದ ಡ್ರೈವರನಿಗೆ ಕರೆ ಮಾಡಿದ. ಬಸ್ ಓಡಿಸುತ್ತಿದ್ದ ಡ್ರೈವರ್ ಫೋನ್ ಎತ್ತಿದ್ದು ನಿಲ್ದಾಣ ಬಂದ ಮೇಲೆಯೇ. ಅಕ್ಕನ ಮನೆಯ ಮಾಲೀಕರ ನಂಬರ್ ಅವನ ಬಳಿ ಮಾತ್ರ ಇತ್ತು. ಅಷ್ಟು ಹೊತ್ತೂ ತಂಗಿ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಅಕ್ಕನ ಮುಖವನ್ನು ಸ್ಪಷ್ಟವಾಗಿ, ಹಣೆಯ ಬೆವರಿನ ಸಮೇತ ನೋಡುತ್ತಲೇ ಇದ್ದಳು.

ಮಾಲೀಕರು ಹೋಗಿ ಆಸ್ಪತ್ರೆಗೆ ಸೇರಿಸಿದ್ದರಿಂದ ಅಕ್ಕ ಬದುಕಿದಳು. ಲಕ್ವ ಹೊಡೆದ ಬಲಗೈ ಮಾತ್ರ ಏಳಲಿಲ್ಲ. ಎಡಗೈಯಲ್ಲಾದರೂ ಮಾತಾಡಬಹುದೆಂದು ತಂಗಿ ಆಸೆಪಟ್ಟಿದ್ದಳು. ಡಾಕ್ಟರಮ್ಮ ಡ್ರೈವರನನ್ನು ಪಕ್ಕಕ್ಕೆ ಕರೆದು ಹೇಳಿದರು: “ಬರೀ ಕೈಗಲ್ಲ, ಮೆದುಳಲ್ಲಿ ಭಾಷೆ ಇರೋ ಜಾಗಕ್ಕೇ ಪೆಟ್ಟಾಗಿದೆ. ಬಾಯಲ್ಲಿ ಆಡೋ ಮಾತಾಗ್ಲಿ, ಕೈಯಲ್ಲಿ ಆಡೋದಾಗ್ಲಿ, ಆ ಜಾಗಕ್ಕೆ ಎರಡೂ ಒಂದೇ.”

ಅಕ್ಕನನ್ನು ತಂಗಿಯ ಮನೆಗೆ ಕರೆತಂದರು. ಈಗ ಇಬ್ಬರೂ ಒಂದೇ ಕೋಣೆಯಲ್ಲಿ ಎದುರುಬದುರು. ಅಕ್ಕ ಎಡಗೈ ಎತ್ತುವಳು. ಬೆರಳುಗಳು ಏನೇನೋ ಆಗುವವು. ಪದ ಮೂಡದೆ ಅವಳ ಕಣ್ಣು ತುಂಬುವುದು. ತಂಗಿ ಆ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಳ್ಳುವಳು. ಚಳಿಗಾಲ ಮುಗಿಯುವ ಮೊದಲೇ ಇನ್ನೊಂದು ಸಲ ಲಕ್ವ ಹೊಡೆದು ಅಕ್ಕ ತೀರಿಕೊಂಡಳು.

“ಚಿತ್ರ ನಿಂತಿದೆ ಅಂದ್ಕೊಂಡೆ. ಹೊಲೀತಾ ಕೂತೆ” ಎಂದು ತಂಗಿ ಗಂಡನಿಗೆ ಕೈಯಲ್ಲಿ ಹೇಳಿದಳು. ಅವನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಇಷ್ಟು ವರ್ಷ ಅವನು ಕಲಿತದ್ದು ಊಟ, ನೀರು, ಹೋಗಿಬರ್ತೀನಿ, ಇಷ್ಟೇ.

ಅವನು ಅವಳೆದುರು ಕೂತು, “ನನಗೆ ಕಲಿಸು” ಎಂದು ಕೈ ಮಾಡಿದ. ಅವಳು ಗದ್ದ ತುರಿಸಿಕೊಂಡಳು. ಅವನೂ ತುರಿಸಿಕೊಂಡ. ಮೂಗು ಹಿಂಡಿ ತೋರಿಸಿದಳು. ಅದು ಯಾರೆಂದು ಅವನಿಗೆ ಗೊತ್ತಿರಲಿಲ್ಲ, ಅಕ್ಕತಂಗಿಯರು ಅದಕ್ಕೆ ಯಾಕೆ ನಗುತ್ತಿದ್ದರೆಂದೂ ತಿಳಿಯಲಿಲ್ಲ. ಅವಳು ವಿವರಿಸಲು ಹೊರಟು, ಎತ್ತಿದ ಕೈಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡಳು.