ಹಗ್ಗಕ್ಕೆ ಕೈ ಹಾಕಿದವನ ಪಾಲು

ಬೈಂದೂರಿನ ಕಡಲ ಬದಿಯಲ್ಲಿ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವಾಗ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲುಂಟು. ಕರೆಸಿಕೊಂಡವರಿರಲಿ, ಕರೆಯದೆ ಬಂದವರಿರಲಿ, ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಮೀನು ಮಾರುವ ಜಲಜಳ ಮಗ ರತನ್‌ಗೆ ಹದಿನಾರು ತುಂಬಿದರೂ ಬುದ್ಧಿ ಇನ್ನೂ ಎಳೆಯ ಮಗುವಿನದು. ಶಾಲೆ ಕೈಬಿಟ್ಟವನಿಗೆ ಆ ಹಗ್ಗವೇ ಪಾಠ ಕಲಿಸಿತ್ತು: ದುಡಿ, ಪಾಲು ತೆಗೆದುಕೋ, ಮನೆಗೆ ಹೋಗು.

ಅವತ್ತು ವ್ಯಾಪಾರಿ ರತ್ನಾಕರನ ಮೀನಿನ ಗಾಡಿ ಕಡಲ ದಡದ ಹೊಯಿಗೆಯಲ್ಲಿ ಹೂತಿತು. ರತನ್ ಹೆಗಲು ಕೊಟ್ಟು ನೂಕಿದ. ಗಾಡಿ ಮೇಲೆ ಬಂದದ್ದೇ ಪೆಟ್ಟಿಗೆ ತೆರೆದು, ಎರಡು ಅಂಜಲ್ ಮೀನು ಎತ್ತಿಕೊಂಡು, ಎಲ್ಲರ ಕಣ್ಣೆದುರೇ ಮನೆಯ ದಾರಿ ಹಿಡಿದ. ಯಾವ ಕಳ್ಳ ಹಾಡುಹಗಲೇ ಹಾಗೆ ಕೈ ಬೀಸಿಕೊಂಡು ಹೋಗುತ್ತಾನೆ ಹೇಳಿ! ಆದರೆ ರತ್ನಾಕರನ ಗಾಡಿಯಿಂದ ಕೆಲವು ದಿನಗಳಿಂದ ಪೆಟ್ಟಿಗೆಗಟ್ಟಲೆ ಮೀನು ಕಾಣೆಯಾಗುತ್ತಿತ್ತು. ಅವನಿಗೊಬ್ಬ ಕಳ್ಳ ಬೇಕಿತ್ತು, ಸಿಕ್ಕಿದ.

ರತ್ನಾಕರ ದೂರು ಕೊಟ್ಟ. ಠಾಣೆಯಲ್ಲಿ ಪೊಲೀಸರು "ತಕಂಡ್ಯಾ?" ಎಂದರು. "ತಕಂಡೆ" ಎಂದ. "ಹಿಂದೆಯೂ ತಕಂಡಿದ್ಯಾ?" "ಹೌದ್." ದಿನಾ ಪಾಲು ತರುವವನು ಇನ್ನೇನು ಹೇಳಿಯಾನು? ಅವನನ್ನು ಬಲ್ಲ ತಾಯಿಯನ್ನು ಬಾಗಿಲ ಹೊರಗೇ ನಿಲ್ಲಿಸಿದ್ದರು. ನಿಯಮದ ಪ್ರಕಾರ ಇಂಥ ಮಕ್ಕಳನ್ನು ಕೇಳುವಾಗ ಅವರ ಮಾತು ತಿಳಿದ ಒಬ್ಬರು ಪಕ್ಕದಲ್ಲಿರಬೇಕಿತ್ತು ಎಂದು ಕಾನೂನು ನೆರವಿನ ವಕೀಲೆ ದೀಕ್ಷಾ ಆಮೇಲೆ ಹೇಳಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ತಾಯಿ ಇಲ್ಲದೆ ಒಂದು ರಾತ್ರಿಯೂ ಮಲಗದ ರತನ್‌ನನ್ನು ದೂರದ ಬಾಲಕರ ವೀಕ್ಷಣಾಲಯದಲ್ಲಿ ವಾರಗಟ್ಟಲೆ ಇಟ್ಟರು.

ಬಾಲನ್ಯಾಯ ಮಂಡಳಿಯ ಮುಂದೆ ನಿಂತಾಗ ಜಲಜಳ ಸಿಟ್ಟು ನೆತ್ತಿಗೇರಿತ್ತು. ದೀಕ್ಷಾ ಸೆರಗು ಜಗ್ಗಿದರೂ ಸುಮ್ಮನಾಗಲಿಲ್ಲ.

"ಹ್ವಾಯ್ ರತ್ನಾಕರಣ್ಣ, ನಿಮ್ಮ್ ಅಪ್ಪಯ್ಯನೂ ಬಲೆ ಎಳದವ್ರೇ ಅಲ್ದಾ? ಹಗ್ಗಕ್ಕೆ ಕೈ ಹಾಕ್ದವ್ರನ್ನ ಪಾಲ್ ಇಲ್ದೆ ಕಳ್ಸಿದ್ರಾ? ನನ್ನ್ ಮಗ ನಿಮ್ಮ್ ಗಾಡಿ ನೂಕಿದ್ದ್ ಹೌದಾ ಅಲ್ದಾ? ಬಾಯ್ಬಿಟ್ಟ್ ಹೇಳಿ!"

ರತ್ನಾಕರ ತಲೆ ತಗ್ಗಿಸಿದ. "ನೂಕಿದ್ದ್ ಹೌದ್."

ಇಷ್ಟು ದಿನ ಆ ಮಾತನ್ನು ಯಾರೂ ಅವನಲ್ಲಿ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಅವನು ತಂದದ್ದು ಕಳವಲ್ಲ, ಪಾಲೆಂದು ಅರಿತ ಮಂಡಳಿ ರತನ್‌ನನ್ನು ಮನೆಗೆ ಕಳಿಸಿತು.

ಮರುದಿನ ಬಲೆ ಬಿತ್ತು. ಮಗನ ಮುಖ ಅರಳೀತೆಂದು ಜಲಜ ಅವನನ್ನು ಕರೆದುಕೊಂಡು ಹೋದಳು. ಹಗ್ಗ ಹತ್ತಿರ ಬರುತ್ತಲೇ ರತನ್ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಂದೆ ಸರಿದ.

"ಎಳಿ ಮಗಾ," ಎಂದಳು.

"ನಾ ಮುಟ್ಟಿಲ್ಲೆ. ಮುಟ್ಟಿಲ್ಲೆ," ಎಂದ, ಯಾರೂ ಕೇಳದೆಯೇ.

ಮೀನು ಕೊಳ್ಳಲು ಬಂದಿದ್ದ ರತ್ನಾಕರ ಇದನ್ನು ನೋಡಿ, ಒಂದಿಷ್ಟು ಬಂಗುಡೆ ತಂದು ಅವನೆದುರು ಇಟ್ಟು, "ತಕೋ ಮಗಾ" ಎಂದ. ರತನ್ ತಾಯಿಯ ಬೆನ್ನ ಹಿಂದೆ ಅಡಗಿದ.

ಜಲಜ ಆ ಮೀನನ್ನು ಕಾಲಿಂದ ಒದ್ದಳು. ಮೀನನ್ನು ಅವಳು ಒದ್ದದ್ದು ಅದೇ ಮೊದಲು.

"ಮೀನ್ ನೀವೇ ತಿನ್ನಿ ರತ್ನಾಕರಣ್ಣ. ನನ್ನ್ ಮಗನ್ ಕೈ ವಾಪಾಸ್ ಕೊಡಿ."